ಮೌನ್‌ನಲ್ಲಿ ನವೆಂಬರ್‌ಗೆ ಮೊಕೊರೊ ದೋಣಿ ಸಿಗುತ್ತದಾ?

ಮಳೆ ಶುರುವಾಗುವ ನವೆಂಬರ್‌ನಲ್ಲೇ ಮೌನ್ ಊರಿನ ಥಮಲಕಾನೆ ನದಿಯಲ್ಲಿ ನೀರಿರಲ್ಲ, ದೋಣಿ ಸಿಗಲ್ಲ ಅಂತ ನಿಮ್ಮ ಟ್ರಾವೆಲ್ ಏಜೆಂಟ್ ಹೇಳಿದ್ದು ಬಹುಶಃ ನಿಜವೇ. ಬೋಟ್ಸ್‌ವಾನಾದ ಈ ಊರಿಗೆ ಪ್ರವಾಹ ಬರುವುದು ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆಯಿಂದ. ಅದು ಒಕವಾಂಗೊ ಡೆಲ್ಟಾದಲ್ಲಿ ನಿಧಾನಕ್ಕೆ ಹರಡಿಕೊಂಡು ಮೌನ್ ಮುಟ್ಟುವಾಗ ಸಾಮಾನ್ಯವಾಗಿ ಜೂನ್-ಜುಲೈ, ಅಂದರೆ ಅಲ್ಲಿನ ಒಣ ಚಳಿಗಾಲ. ಎಷ್ಟು ನೀರು ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಮೊದಲು ರಜೆಯನ್ನು ಜುಲೈ-ಆಗಸ್ಟ್‌ಗೆ ಹಾಕಿಕೊಳ್ಳಲು ನೋಡಿ. ಆಗದಿದ್ದರೆ ದೋಣಿ ಯಾವ ಜಾಗದಿಂದ ಹೊರಡುತ್ತದೆ ಅಂತ ಏಜೆಂಟ್ ಹತ್ತಿರ ಬರವಣಿಗೆಯಲ್ಲೇ ಕೇಳಿ. ಡೆಲ್ಟಾದ ಒಳಗೆ ವರ್ಷವಿಡೀ ನೀರಿರುವ ಕಡೆಗೆ ಸಣ್ಣ ವಿಮಾನಗಳಿವೆ, ಖರ್ಚು ಮಾತ್ರ ಜಾಸ್ತಿ. ನಾನಾದರೆ ಆ ದುಡ್ಡನ್ನು ಹತ್ತಿರದ ಮೊರೆಮಿ ವನ್ಯಜೀವಿಧಾಮದ ಸಫಾರಿಗೆ ಹಾಕುತ್ತೇನೆ: ಮಳೆ ಜೋರಾಗುವವರೆಗೆ ಪ್ರಾಣಿಗಳು ಉಳಿದ ನೀರಿನ ಸುತ್ತಲೇ ಸೇರುತ್ತವೆ. ಮಲೇರಿಯಾ ಮಾತ್ರೆ ಬಗ್ಗೆ ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ.