20 ವರ್ಷದ ತಮ್ಮ ಕಳ್ಳತನದ ಕೇಸಲ್ಲಿ ಸಿಕ್ಕಿದ್ದಾನೆ. ಸ್ವಲ್ಪ ದಿನ ಜೈಲಲ್ಲಿದ್ದರೆ ಬುದ್ಧಿ ಬರುತ್ತಾ, ಬೇರೆ ದಾರಿ ಇದೆಯಾ?

ಅಕ್ಕಾ, ನನಗೂ ಆಗ 20.

ಮೂವರು ಸೇರಿ ಪಕ್ಕದೂರಿನ ತೋಟದಲ್ಲಿ ಪಂಪ್‌ಸೆಟ್ ಕೇಬಲ್ ಕತ್ತರಿಸಿ, ಸುಟ್ಟು, ತಾಮ್ರವನ್ನು ಗುಜರಿಗೆ ಹಾಕಿದ್ದೆವು. ಸಿಕ್ಕಿಬಿದ್ದೆವು. ಬೇಲ್ ಮೇಲೆ ಬಂದವನು ವೆಲ್ಡಿಂಗ್ ಕೆಲಸಕ್ಕೆ ಸೇರಿದೆ. ಕೋರ್ಟಲ್ಲಿ ತಪ್ಪು ಒಪ್ಪಿಕೊಂಡೆ.

21 ತುಂಬದವರನ್ನು ಇಂಥ ಕೇಸಲ್ಲಿ ನೇರ ಜೈಲಿಗೆ ಕಳಿಸುವಂತಿಲ್ಲ. 1958ರ ಪ್ರೊಬೇಷನ್ ಕಾಯ್ದೆಯ 6ನೇ ಸೆಕ್ಷನ್ ಇರುವುದೇ ಅದಕ್ಕೆ. ಪ್ರೊಬೇಷನ್ ಅಂದರೆ ಜೈಲಿಗೆ ಹಾಕದೆ, ಮುಚ್ಚಳಿಕೆ ಬರೆಸಿಕೊಂಡು ಹೊರಗೆ ಬಿಡುವುದು. ಜಡ್ಜ್ ಮೊದಲು ಪ್ರೊಬೇಷನ್ ಆಫೀಸರ್ ಹತ್ತಿರ ವರದಿ ತರಿಸಬೇಕು. ಆಮೇಲೂ ಜೈಲೇ ಆಗಬೇಕು ಅಂದರೆ ಕಾರಣ ಬರೆಯಬೇಕು. ನಾನು ಕೆಟ್ಟದ್ದು ಆ ವರದಿಯಲ್ಲೇ.

ಆಫೀಸರ್ ಮನೆಗೆ ಬಂದಾಗ ಮಧ್ಯಾಹ್ನ. ಖಾಕಿ ಇರಲಿಲ್ಲ, ಕೈಯಲ್ಲೊಂದು ಫೈಲಿತ್ತು. ಮತ್ತೆ ಪೊಲೀಸೇ ಬಂದರು ಅಂದುಕೊಂಡು ಅಟ್ಟ ಹತ್ತಿದೆ. ‘ಊರಲ್ಲಿಲ್ಲ ಅನ್ನಮ್ಮಾ’ ಎಂದು ಅವ್ವನಿಗೆ ನಾನೇ ಹೇಳಿಕೊಟ್ಟೆ. ಕೆಳಗೆ ಅವರು ಕೇಳುತ್ತಿದ್ದದ್ದು ಕೇಳಿಸುತ್ತಿತ್ತು. ‘ಮಗ ಏನು ಕೆಲಸ ಮಾಡ್ತಾನಮ್ಮ? ಸಂಬಳ ಯಾರ ಕೈಗೆ ಕೊಡ್ತಾನೆ?’ ಸಂಬಳವನ್ನು ಪ್ರತಿ ಶನಿವಾರ ಅವ್ವನ ಕೈಗೇ ಕೊಡುತ್ತಿದ್ದೆ. ಅದನ್ನು ಹೇಳಿದ್ದರೆ ಸಾಕಿತ್ತು. ಅವ್ವ ‘ಎಲ್ಲಿದಾನೋ ಗೊತ್ತಿಲ್ಲ ಸಾರ್’ ಅಂದಳು. ಅವರು ಅದನ್ನೇ ಬರೆದುಕೊಂಡು ಹೋದರು. ಅವರು ಬಂದದ್ದು ಹಿಡಿಯಲು ಅಲ್ಲ, ನಾನು ಮನೆಯಲ್ಲಿ ಬಾಳುವವನೋ ಅಲ್ಲವೋ ನೋಡಲು. ಬಾಳುತ್ತಿದ್ದವನು ಅಟ್ಟದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ‘ಮನೆಯವರ ಹಿಡಿತದಲ್ಲಿಲ್ಲ, ಎಲ್ಲಿದ್ದಾನೆಂದು ತಿಳಿಯದು’ ಎಂದು ವರದಿ ಹೋಯಿತು. ಆರು ತಿಂಗಳು ಶಿಕ್ಷೆ ಆಯಿತು.

ಅಪೀಲು ಹಾಕಿ ಹೊರಬರುವಷ್ಟರಲ್ಲಿ 43 ದಿನ ಒಳಗಿದ್ದೆ. ಅಲ್ಲಿ ಬುದ್ಧಿ ಬರುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೀ ಇಲ್ಲದೆ ಬೈಕ್ ಸ್ಟಾರ್ಟ್ ಮಾಡುವುದನ್ನು ಪಕ್ಕದ ಚಾಪೆಯವನು ಹೇಳಿಕೊಟ್ಟ. ಹೊರಗೆ ವೆಲ್ಡಿಂಗ್ ಕೆಲಸ ಹೋಗಿತ್ತು.

ಅಪೀಲಿನಲ್ಲಿ ಸೆಷನ್ಸ್ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಪ್ರೊಬೇಷನ್ ಕೊಟ್ಟಿತು. ತೋಟದವರಿಗೆ ಕೇಬಲ್ ದುಡ್ಡು ಕಟ್ಟು ಅಂದಿತು. ತಿಂಗಳಿಗೊಮ್ಮೆ ಅದೇ ಆಫೀಸರ್ ಎದುರು ಹೋಗಿ ಕೂರಬೇಕಿತ್ತು. ಮೊದಲ ದಿನವೇ ‘ಅವತ್ತು ಅಟ್ಟದ ಮೇಲಿದ್ದೆ ಸಾರ್’ ಎಂದೆ. ಅವರು ಬೈಯಲಿಲ್ಲ. ವೆಲ್ಡಿಂಗ್ ಓನರ್ ಹತ್ತಿರ ತಾವೇ ಹೋಗಿ ಮಾತಾಡಿದರು. ನನ್ನನ್ನು ತಿದ್ದಿದ್ದು ಅದು. ಕೇಬಲ್ ದುಡ್ಡು ತೀರಿಸಲು ತೋಟದವರ ಮನೆ ಬಾಗಿಲಿಗೆ ನಾಲ್ಕು ಸಲ ಹೋದೆ. ನಾಲ್ಕನೇ ಸಲ ಅವರು ಒಳಗೆ ಕರೆದು ಮಜ್ಜಿಗೆ ಕೊಟ್ಟರು.

ಈಗ ನಿಮ್ಮ ತಮ್ಮನ ವಿಷಯ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಇದ್ದು, ಇದೇ ಮೊದಲ ಸಲವಾಗಿ, ಅದನ್ನು ವಾಪಸ್ ಕೊಟ್ಟರೆ, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ವಕೀಲರನ್ನು ಮೊದಲು ಇದನ್ನೇ ಕೇಳಿ. ಮಾಲು ಜಾಸ್ತಿ ಬೆಲೆಯದಾದರೆ ಪ್ರೊಬೇಷನ್ ಕೇಳಿ. 21ರ ಲೆಕ್ಕ ಕದ್ದ ದಿನಕ್ಕಲ್ಲ, ತೀರ್ಪಿನ ದಿನಕ್ಕೆ. ಹಾಗಾಗಿ ಸುಮ್ನೆ ವಾಯಿದೆ ಎಳೆಯಬೇಡಿ. ವಯಸ್ಸು ತೋರಿಸಲು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಿ, ಕೆಲಸ ಕೊಟ್ಟವರ ಫೋನ್ ನಂಬರ್ ಬರೆದಿಡಿ. ಆಫೀಸರ್ ಬರುವ ದಿನ ಅವನು ಬಾಗಿಲಲ್ಲೇ ನಿಂತಿರಲಿ.