ಬಾಗ್ದಾದಿನ ಮದರಸಾಗಳ ಕಾಲದಲ್ಲಿ ಡಿಗ್ರಿ ಯಾರು ಕೊಡ್ತಿದ್ರು?

ಮಧ್ಯಯುಗದ ಇಸ್ಲಾಮಿಕ್ ಜಗತ್ತಿನಲ್ಲಿ ಈಗಿನ ಥರದ ಯೂನಿವರ್ಸಿಟಿ ಇತ್ತಾ, ಡಿಗ್ರಿ ಕೊಡ್ತಿದ್ರಾ, ಹೆಂಗಸರೂ ಓದ್ತಿದ್ರಾ ಅಂತ ಕೇಳಿದ್ದೀರಿ.

ಡಿಗ್ರಿಯಂಥದ್ದು ಇತ್ತು. ಅದರ ಹೆಸರು ಇಜಾಜಾ. ಆದರೆ ಕೊಡುತ್ತಿದ್ದದ್ದು ಸಂಸ್ಥೆಯಲ್ಲ, ಮೇಷ್ಟ್ರು. ‘ಈತ ಈ ಪುಸ್ತಕವನ್ನು ನನ್ನ ಹತ್ತಿರ ಓದಿದ್ದಾನೆ, ಇನ್ನು ಬೇರೆಯವರಿಗೂ ಹೇಳಿಕೊಡಬಹುದು’ ಎಂಬ ಒಪ್ಪಿಗೆ ಅದು. ಎಷ್ಟೋ ಸಲ ಒಂದೇ ಒಂದು ಪುಸ್ತಕಕ್ಕೆ ಮಾತ್ರ. ಹಾಗಾಗಿ ಒಬ್ಬ ವಿದ್ವಾಂಸ ಎಲ್ಲಿ ಓದಿದ ಅನ್ನೋದಕ್ಕಿಂತ ಯಾರ ಹತ್ತಿರ ಓದಿದ ಅನ್ನೋದಕ್ಕೇ ಬೆಲೆ ಜಾಸ್ತಿ. ಒಳ್ಳೇ ಗುರು ಇದ್ದಾರೆ ಅಂದ್ರೆ ದೂರದ ಊರಿಗೂ ಹೊರಟುಬಿಡುತ್ತಿದ್ದರು.

ಹಾಜರಿಯೂ ಸುಮ್ನೆ ಅಲ್ಲ. ದಮಾಸ್ಕಸ್‌ನ ಹಳೇ ಹಸ್ತಪ್ರತಿಗಳಲ್ಲಿ ಪಾಠದ ಟಿಪ್ಪಣಿಗಳು ಉಳಿದಿವೆ: ಯಾರು ಗಟ್ಟಿಯಾಗಿ ಓದಿದರು, ಯಾರ್ಯಾರು ಕೂತು ಕೇಳಿದರು, ಯಾವ ದಿನ, ಯಾವ ಜಾಗ. ನಡುವೆ ಒಂದಿಷ್ಟು ತಪ್ಪಿಸಿಕೊಂಡಿದ್ದರೆ ಅದನ್ನೂ ಬರೆದಿಡುತ್ತಿದ್ದರು. ದೊಡ್ಡವರ ಜೊತೆ ಬಂದ ಪುಟ್ಟ ಮಕ್ಕಳ ಹೆಸರೂ ಅಲ್ಲಿದೆ.

ಹಾಗಾದ್ರೆ ಮದರಸಾ ಯಾಕೆ ಬೇಕಿತ್ತು? ಊಟ, ವಸತಿ, ಸಂಬಳಕ್ಕೆ. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಡುತ್ತಿದ್ದ ಹಾಗೆ ಅಂಗಡಿ, ಜಮೀನುಗಳ ಆದಾಯವನ್ನು ವಕ್ಫ್ ಮಾಡಿ ಬಿಡುತ್ತಿದ್ದರು. ಸೆಲ್ಜೂಕ್ ಎಂಬ ತುರ್ಕಿ ಸುಲ್ತಾನರ ವಜೀರ (ಮಂತ್ರಿ) ನಿಜಾಮುಲ್ ಮುಲ್ಕ್ ಬಾಗ್ದಾದಿನಲ್ಲಿ ಕಟ್ಟಿಸಿದ ನಿಜಾಮಿಯಾ ಮದರಸಾ 1067ರಲ್ಲಿ ಶುರುವಾಯಿತು. 1091ರಲ್ಲಿ ಅಲ್ಲಿಗೆ ಪಾಠ ಹೇಳಲು ಬಂದ ಹೆಸರಾಂತ ವಿದ್ವಾಂಸ ಅಲ್ ಗಜಾಲಿ, 1095ರಲ್ಲಿ ಅಂಥಾ ದೊಡ್ಡ ಹುದ್ದೆಯನ್ನೇ ಬಿಟ್ಟು ಹೊರಟರು. ಅಲ್ಲಿ ಮುಖ್ಯ ವಿಷಯ ಧರ್ಮದ ಕಾನೂನು. ವೈದ್ಯ ಕಲಿಯುವವರು ಹೆಚ್ಚಾಗಿ ಆಸ್ಪತ್ರೆಗೋ ವೈದ್ಯರ ಮನೆಗೋ ಹೋಗಬೇಕಿತ್ತು.

ಪಾಠ ಹೇಗಿತ್ತು ಅನ್ನೋದನ್ನ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಚೆನ್ನಾಗಿ ಹೇಳುತ್ತಾನೆ. 1327ರಲ್ಲಿ ಅವನು ಬಾಗ್ದಾದಿನ ಮುಸ್ತನ್ಸಿರಿಯಾ ಮದರಸಾ ನೋಡಿದ. ಸುನ್ನಿ ಮುಸ್ಲಿಮರ ನಾಲ್ಕೂ ಪಂಥದ ಕಾನೂನಿಗೆ ಅಲ್ಲಿ ಬೇರೆ ಬೇರೆ ಜಾಗ. ಮರದ ಪುಟ್ಟ ಗುಮ್ಮಟದ ಕೆಳಗೆ, ಜಮಖಾನ ಹಾಸಿದ ಪೀಠದ ಮೇಲೆ, ಕಪ್ಪು ಬಟ್ಟೆ ತೊಟ್ಟು ರುಮಾಲು ಸುತ್ತಿದ ಗುರು. ಎಡಕ್ಕೊಬ್ಬ, ಬಲಕ್ಕೊಬ್ಬ ಸಹಾಯಕ. ಗುರು ಹೇಳಿದ್ದನ್ನೆಲ್ಲ ಅವರಿಬ್ಬರು ಮತ್ತೊಮ್ಮೆ ಹೇಳಬೇಕು. ಮೈಕ್ ಇಲ್ಲದ ಕಾಲ ಅಲ್ವಾ!

ಅಷ್ಟು ದೂರ ಹೋಗೋಕಾಗದಿದ್ದರೆ ಬೀದರ್‌ಗೆ ಹೋಗಿ ಬನ್ನಿ. ಇರಾನಿನ ಗೀಲಾನ್ ಕಡೆಯಿಂದ ಬಂದು ಬಹಮನಿ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ ಅಲ್ಲಿದೆ. ಅರ್ಧ ಬಿದ್ದಿದೆ, ಆದರೂ ಗೋಡೆಯ ಬಣ್ಣದ ಹೆಂಚುಗಳನ್ನು ಈಗಲೂ ನೋಡಬಹುದು.

ಇನ್ನು ಹೆಂಗಸರು. ಮದರಸಾದ ಸಂಬಳದ ಹುದ್ದೆಗಳು ಗಂಡಸರ ಕೈಯಲ್ಲೇ ಇದ್ದವು ಅನ್ನಿ. ಆದರೆ ಇಜಾಜಾ ಗುರುವಿನಿಂದ ಬರುವಂಥದ್ದಾದ್ದರಿಂದ, ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗಳನ್ನು ಕಲಿಸುವುದರಲ್ಲಿ ಹೆಂಗಸರೂ ಹೆಸರು ಮಾಡಿದರು. 11ನೇ ಶತಮಾನದ ಕರೀಮಾ ಮಧ್ಯ ಏಷ್ಯಾದ ಮರ್ವ ನಗರದವರು, ಮೆಕ್ಕಾದಲ್ಲಿ ನೆಲೆಸಿದ್ದರು. ಬಾಗ್ದಾದಿನ ಹೆಸರಾಂತ ಇತಿಹಾಸಕಾರ ಅಲ್ ಖತೀಬ್ ಹಜ್‌ಗೆ ಬಂದಾಗ, ಬುಖಾರಿಯವರ ಅಷ್ಟು ದಪ್ಪ ಹದೀಸ್ ಸಂಗ್ರಹವನ್ನು ಐದೇ ದಿನದಲ್ಲಿ ಕರೀಮಾ ಅವರ ಮುಂದೆ ಓದಿ ಮುಗಿಸಿದರಂತೆ. ಕರೀಮಾ ಮಾತ್ರ ಕಟ್ಟುನಿಟ್ಟು: ವಿದ್ಯಾರ್ಥಿ ಬರೆದುಕೊಂಡ ಪ್ರತಿಯನ್ನು ತಮ್ಮ ಮೂಲ ಪ್ರತಿಯ ಜೊತೆ ಹೋಲಿಸಿ ನೋಡಲೇಬೇಕು ಎನ್ನುತ್ತಿದ್ದರು.