ಮೂರು ಕೊಟೇಶನ್, ಒಂದು ಸರ್ವರ್: ಯಾವ ಬ್ಯಾಕಪ್ ತಗೊಳ್ಳೋದು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಮಷಿನ್ ಶಾಪ್, ಪ್ರೈವೇಟ್ ಲಿಮಿಟೆಡ್ ಕಂಪನಿ. 22 ಕಂಪ್ಯೂಟರ್, ಒಂದು ಸರ್ವರ್. ಸರ್ವರ್‌ನಲ್ಲಿ ಲೆಕ್ಕದ ಟ್ಯಾಲಿ, ಇಆರ್‌ಪಿ (ಸ್ಟಾಕ್, ಆರ್ಡರ್, ಬಿಲ್ಲಿಂಗ್ ನೋಡುವ ಸಾಫ್ಟ್‌ವೇರ್), ಸುಮಾರು 600 ಜಿಬಿ ಡ್ರಾಯಿಂಗ್ ಇವೆ. ರೇಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸುವ ಏರ್ಪಾಟು) ಹಾಕಿಸಿದ್ದೇವೆ. ದಿನಾ ರಾತ್ರಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಆಗುತ್ತದೆ, ಆ ಡಿಸ್ಕ್ ಸರ್ವರ್‌ಗೆ ಚುಚ್ಚಿಯೇ ಇರುತ್ತದೆ. ಪಕ್ಕದ ಕಾರ್ಖಾನೆಗೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕ ಮೇಲೆ ಮಾಲೀಕರು ಗಾಬರಿಯಾಗಿದ್ದಾರೆ. ಮೂರು ಕೊಟೇಶನ್ ಬಂದಿವೆ: ಒಬ್ಬರು ನಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಅಂತಾರೆ, ಒಬ್ಬರು ಕ್ಲೌಡ್ ಅಂತಾರೆ, ಇನ್ನೊಬ್ಬರು 22 ಕಂಪ್ಯೂಟರ್‌ಗೂ ಬ್ಯಾಕಪ್ ಸಾಫ್ಟ್‌ವೇರ್ ಲೈಸೆನ್ಸ್ ಅಂತಾರೆ. ಯಾವುದು ತಗೊಳ್ಳೋಣ ಸರ್?

ಉತ್ತರ: ಮೊದಲು ಆ ಮೂರನ್ನೂ ಪಕ್ಕಪಕ್ಕ ಇಟ್ಟು ರೇಟು ನೋಡುವುದನ್ನು ಬಿಡಿ. ಅವು ಒಂದೇ ಮಾಲಲ್ಲ. ನಾಸ್‌ನವರು ನಿಮ್ಮ ಕಾಂಪೌಂಡಿನೊಳಗೆ ಒಂದು ಗೋದಾಮು ಕಟ್ಟಿಕೊಡುತ್ತಿದ್ದಾರೆ. ಕ್ಲೌಡ್‌ನವರು ಊರಾಚೆ ಗೋದಾಮು ಬಾಡಿಗೆಗೆ ಕೊಡುತ್ತಿದ್ದಾರೆ. ಸಾಫ್ಟ್‌ವೇರ್‌ನವರು ಮಾಲು ಸಾಗಿಸುವ ಲಾರಿ ಮಾರುತ್ತಿದ್ದಾರೆ. ನಿಮಗೆ ಮೂರೂ ಬೇಕು. ಆದರೆ ಯಾವುದೂ ಅವರು ಹೇಳುವಷ್ಟು ಬೇಡ.

ರೇಡ್ ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಯಾರೋ ಡ್ರಾಯಿಂಗ್ ಫೋಲ್ಡರ್ ಡಿಲೀಟ್ ಮಾಡಿದರೆ ಎಲ್ಲ ಡಿಸ್ಕ್‌ಗಳಿಂದಲೂ ಅದೇ ಕ್ಷಣ ಹೋಗುತ್ತದೆ. ಚುಚ್ಚಿಯೇ ಇರುವ ಹಾರ್ಡ್ ಡಿಸ್ಕ್ ಕೂಡ ನಂಬುವಂಥದ್ದಲ್ಲ. ಸರ್ವರ್ ಎಲ್ಲೆಲ್ಲಿ ಬರೆಯಬಲ್ಲದೋ ಅಲ್ಲೆಲ್ಲ ರ‍್ಯಾನ್ಸಮ್‌ವೇರ್ ಕೂಡ ಬರೆಯುತ್ತದೆ.

ಈಗ ಮಾಲೀಕರ ಜೊತೆ ಕೂತು ಎರಡು ವಿಷಯ ಕೇಳಿ. ಎಷ್ಟು ಹೊತ್ತಿನ ಎಂಟ್ರಿ ಹೋದರೆ ಮತ್ತೆ ಹೊಡೆಯಬಹುದು? ಸರ್ವರ್ ಇಲ್ಲದೆ ಎಷ್ಟು ಹೊತ್ತು ತಳ್ಳಬಹುದು? 'ಒಂದು ನಿಮಿಷವೂ ಆಗಲ್ಲ' ಅಂತಲೇ ಮೊದಲು ಎಲ್ಲರೂ ಹೇಳುತ್ತಾರೆ. ಅದಕ್ಕೆ ಎಷ್ಟು ಖರ್ಚು ಅಂತ ಹೇಳಿ ನೋಡಿ, ಉತ್ತರ ಬದಲಾಗುತ್ತದೆ. ನಿಮ್ಮಲ್ಲಿ ಚಲನ್‌ಗಳು ಕಾಗದದ ಮೇಲೂ ಇರುತ್ತವೆ ಅಲ್ವಾ? ಹಾಗಾದರೆ ಎರಡು ಗಂಟೆಯ ಎಂಟ್ರಿ ಹೋದರೆ ಬೈದುಕೊಂಡಾದರೂ ಮತ್ತೆ ಹೊಡೆಯಬಹುದು. ಆದರೆ ಇಆರ್‌ಪಿ ನಿಂತರೆ ಇನ್‌ವಾಯ್ಸ್ ಆಗಲ್ಲ, ಇ-ವೇ ಬಿಲ್ ಆಗಲ್ಲ, ಲೋಡ್ ಆದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಡ್ರಾಯಿಂಗ್ ಹಾಗಲ್ಲ, ನಿನ್ನೆಯದು ಸಿಕ್ಕರೂ ನಡೆಯುತ್ತದೆ. ಆದ್ದರಿಂದ ಇಆರ್‌ಪಿಗೆ ಎರಡು ಗಂಟೆಗೊಮ್ಮೆ, ಟ್ಯಾಲಿಗೆ ಊಟದ ಹೊತ್ತಿಗೊಮ್ಮೆ ಮತ್ತು ಸಂಜೆ, ಡ್ರಾಯಿಂಗ್‌ಗೆ ರಾತ್ರಿ ಒಂದು ಸಲ ಬ್ಯಾಕಪ್ ಸಾಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಎರಡು ಡಿಸ್ಕ್‌ನ ಚಿಕ್ಕ ನಾಸ್, ಡಿಸ್ಕ್ ತಲಾ 4 ಟಿಬಿ. ಅದನ್ನು ಸರ್ವರ್ ರೂಮಿನಲ್ಲಿ ಇಡಬೇಡಿ, ಸ್ಟೋರ್ಸ್ ಕಡೆ ಇಡಿ. ಅದರ ಪಾಸ್‌ವರ್ಡ್ ಬೇರೆಯೇ ಇರಲಿ, ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಅಲ್ಲಿ ನಡೆಯಬಾರದು. ಯಾರ ಕಂಪ್ಯೂಟರ್‌ನಲ್ಲೂ ಅದು ಝಡ್ ಡ್ರೈವ್ ಅಂತ ಕಾಣಬಾರದು. ಜೊತೆಗೆ ಸ್ನ್ಯಾಪ್‌ಶಾಟ್ ಆನ್ ಮಾಡಿ, ಆಯಾ ಹೊತ್ತಿನಲ್ಲಿ ಡೇಟಾ ಹೇಗಿತ್ತೋ ಹಾಗೇ ಹಿಡಿದಿಡುವ ಸೌಲಭ್ಯ ಅದು. ಸರ್ವರ್ ಕೆಟ್ಟರೆ ಬೇಗ ಎದ್ದು ನಿಲ್ಲುವುದು ಈ ನಾಸ್‌ನಿಂದಲೇ.

ಕ್ಲೌಡ್ ಇರುವುದು ಬೆಂಕಿ, ಕಳ್ಳತನ, ರ‍್ಯಾನ್ಸಮ್‌ವೇರ್‌ಗೆ. ಕೊಟೇಶನ್ ಕೊಟ್ಟವರಿಗೆ ಮೂರು ಪ್ರಶ್ನೆ ಹಾಕಿ. 30 ದಿನ ಅಡ್ಮಿನ್ ಕೂಡ ಅಳಿಸಲಾಗದ ಹಾಗೆ ಲಾಕ್ ಮಾಡಬಹುದಾ? ಡೇಟಾ ವಾಪಸ್ ಇಳಿಸುವಾಗ ಜಿಬಿಗೆ ಎಷ್ಟು ದುಡ್ಡು? ಸರ್ವರ್ ಭಾರತದಲ್ಲೇ ಇದೆಯಾ? ಕೊನೆಯದು ಸುಮ್ನೆ ಕೇಳುತ್ತಿಲ್ಲ. ಲೆಕ್ಕಪತ್ರ ಕಂಪ್ಯೂಟರ್‌ನಲ್ಲಿದ್ದರೆ ಅದರ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ದಿನಾ ಇರಬೇಕು ಅಂತ ಕಂಪನಿಗಳ ಲೆಕ್ಕಪತ್ರ ನಿಯಮಕ್ಕೆ 2022ರ ಆಗಸ್ಟ್‌ನಲ್ಲಿ ತಿದ್ದುಪಡಿ ಬಂದಿದೆ. ನಿಮ್ಮದು ಪ್ರೈವೇಟ್ ಲಿಮಿಟೆಡ್, ನಿಮಗೂ ಅನ್ವಯ. ಇನ್ನೊಂದು ಲೆಕ್ಕ: 600 ಜಿಬಿಯನ್ನು 50 ಎಂಬಿಪಿಎಸ್ ಲೈನಿನಲ್ಲಿ ಏರಿಸಲು ಎಡೆಬಿಡದೆ ಹೋದರೂ 27 ಗಂಟೆ ಬೇಕು. ಮೊದಲ ಸಲ ಮಾತ್ರ ಇಷ್ಟು, ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ. ಆದರೆ ಇಳಿಸಿಕೊಳ್ಳುವಾಗ ಮತ್ತೆ ಪೂರ್ತಿ ಇಳಿಸಬೇಕು. ಅದಕ್ಕೇ ಕ್ಲೌಡ್ ಒಂದನ್ನೇ ನಂಬಬೇಡಿ ಅನ್ನುವುದು.

ಇನ್ನು ಆ ಹಳೆಯ ಹಾರ್ಡ್ ಡಿಸ್ಕ್. ಎಸೆಯಬೇಡಿ. ಅಂಥದ್ದೇ ಇನ್ನೊಂದು ತಗೊಳ್ಳಿ. ಶನಿವಾರ ಒಂದಕ್ಕೆ ಕಾಪಿ ಮಾಡಿ, ಕಿತ್ತು, ಮಾಲೀಕರ ಮನೆಯ ಬೀರುವಿಗೆ. ಮುಂದಿನ ಶನಿವಾರ ಇನ್ನೊಂದು. ವೈರ್ ಇಲ್ಲದ ಡಿಸ್ಕ್‌ಗೆ ಯಾವ ವೈರಸ್ಸೂ ಹತ್ತುವುದಿಲ್ಲ. ಡೇಟಾ ಮೂರು ಕಡೆ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ ಇರಲಿ, ಒಂದು ಪ್ರತಿ ಕಟ್ಟಡದ ಹೊರಗಿರಲಿ ಎಂಬ 3-2-1 ಸೂತ್ರವನ್ನು ಜನಪ್ರಿಯ ಮಾಡಿದ್ದು ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್. ಫೋಟೋ ಕಳಕೊಂಡವರಿಗೇ ಅದರ ಸಂಕಟ ಗೊತ್ತು, ಬಿಡಿ.

22 ಲೈಸೆನ್ಸ್ ದಂಡ. ಎಲ್ಲರೂ ಸರ್ವರ್‌ನ ಫೋಲ್ಡರ್‌ನಲ್ಲೇ ಸೇವ್ ಮಾಡುವ ಅಭ್ಯಾಸ ಮಾಡಿಸಿ. ಆಗ ಸರ್ವರ್ ಮತ್ತು ಮುಖ್ಯವಾದ ಮೂರ್ನಾಲ್ಕು ಕಂಪ್ಯೂಟರ್ ಸಾಕು. ವೀಮ್ ಎಂಬ ಬ್ಯಾಕಪ್ ಸಾಫ್ಟ್‌ವೇರಿನ ಕಮ್ಯುನಿಟಿ ಎಡಿಶನ್ 10 ಯಂತ್ರಗಳವರೆಗೆ ಉಚಿತ. ಸಪೋರ್ಟ್‌ಗೆ ಖಾತ್ರಿ ಇಲ್ಲ, ಅದು ನೆನಪಿರಲಿ. ನಿಮ್ಮ ಇಆರ್‌ಪಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಮೇಲೆ ಓಡುತ್ತಿದ್ದರೆ ಡೇಟಾಬೇಸ್ ಫೈಲನ್ನು ಬರೀ ಕಾಪಿ ಮಾಡಿದರೆ ಆಗಲ್ಲ, ಅದರದ್ದೇ ಬ್ಯಾಕಪ್ ಕಮಾಂಡ್ ಬಳಸಬೇಕು. ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಾದರೆ ಹೊತ್ತಿಗೆ ಸರಿಯಾಗಿ ಬ್ಯಾಕಪ್ ಓಡಿಸುವ 'ಏಜೆಂಟ್' ಅದರಲ್ಲಿ ಇರುವುದಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ ಓಡಿಸಿ. ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಬೀಗ) ಹಾಕಿದರೆ ಆ ಪಾಸ್‌ವರ್ಡ್ ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಸರ್ವರ್‌ನ ಡೆಸ್ಕ್‌ಟಾಪ್ ಮೇಲೆ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟವರನ್ನು ನೋಡಿದ್ದೇನೆ.

ಇಷ್ಟೆಲ್ಲ ಕೊಂಡ ಮೇಲೂ ಅಸಲಿ ಕೆಲಸ ಬಾಕಿ ಇರುತ್ತದೆ. ಕೆಲವು ವರ್ಷದ ಹಿಂದೆ ಒಂದು ಆಡಿಟರ್ ಆಫೀಸಿನಿಂದ ಕರೆ ಬಂತು. ಸರ್ವರ್ ಡಿಸ್ಕ್ ಹೋಗಿತ್ತು. 'ಚಿಂತೆ ಇಲ್ಲ ಸರ್, ದಿನಾ ಬ್ಯಾಕಪ್ ಆಗ್ತದೆ' ಅಂತ ಅಲ್ಲಿನ ಹುಡುಗ ಡ್ರಾಯರ್ ಎಳೆದ. ಆರು ಡಿಸ್ಕ್, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಸೋಮ, ಮಂಗಳ, ಬುಧ ಅಂತ ಬರೆದಿತ್ತು. ಲಾಗ್ ತುಂಬ ಹಸಿರು ಟಿಕ್. ಡಿಸ್ಕ್ ತೆರೆದರೆ ಟ್ಯಾಲಿ ಫೋಲ್ಡರ್ ಖಾಲಿ. 11 ತಿಂಗಳ ಹಿಂದೆ ಯಾರೋ ಡೇಟಾವನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಸರಿಸಿದ್ದರು. ಅಂದಿನಿಂದ ಆ ಸಾಫ್ಟ್‌ವೇರ್ ಖಾಲಿ ಫೋಲ್ಡರನ್ನು ದಿನಾ ನಿಷ್ಠೆಯಿಂದ ಕಾಪಿ ಮಾಡುತ್ತಿತ್ತು. ದೊಡ್ಡವರೂ ಇದಕ್ಕೆ ಹೊರತಲ್ಲ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ದಿನಾ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಅದನ್ನು ತಿಳಿಸುವ ಇಮೇಲ್‌ಗಳೂ ಯಾರಿಗೂ ಮುಟ್ಟುತ್ತಿರಲಿಲ್ಲ. ಅದೃಷ್ಟಕ್ಕೆ ಯಾವುದೋ ಕೆಲಸಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಉಳಿದಿತ್ತು.

ಆದ್ದರಿಂದ ವೆಂಡರ್‌ಗೆ ಕೊನೆಯ ಕಂತು ಕೊಡುವ ಮೊದಲು ಹೀಗೆ ಹೇಳಿ: 'ಖಾಲಿ ಲ್ಯಾಪ್‌ಟಾಪ್ ಇದೆ. ಬ್ಯಾಕಪ್‌ನಿಂದ ಟ್ಯಾಲಿ ತೆರೆದು ತೋರಿಸಿ. ನಿನ್ನೆಯ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಬೇಕು. ಮೂರು ವಾರದ ಹಿಂದಿನ ಒಂದು ಡ್ರಾಯಿಂಗ್ ಕೊಡಿ.' ಗಡಿಯಾರ ನೋಡುತ್ತಾ ಕೂತಿರಿ. ಎಷ್ಟು ಹೊತ್ತಾಯಿತೋ ಬರೆದಿಡಿ. ಮೂರು ತಿಂಗಳಿಗೊಮ್ಮೆ ಇದನ್ನೇ ನಿಮ್ಮ ಹುಡುಗರೇ ಮಾಡಲಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಐದು ಜನರ ಆಫೀಸು. ಎಲ್ಲ ಫೈಲೂ ಗೂಗಲ್ ಡ್ರೈವ್‌ನಲ್ಲಿವೆ. ಅದೇ ಬ್ಯಾಕಪ್ ಅಲ್ವಾ?

ಉತ್ತರ: ಅಲ್ಲ, ಅದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. ಏಪ್ರಿಲ್‌ನಲ್ಲಿ ಯಾರೋ ಅಳಿಸಿದ ಫೋಲ್ಡರ್ ನಿಮಗೆ ನೆನಪಾಗುವುದು ಸೆಪ್ಟೆಂಬರ್‌ನಲ್ಲಿ, ಆಡಿಟರ್ ಕೇಳಿದಾಗ. ಐದು ಜನರಿಗೆ ದೊಡ್ಡ ಏರ್ಪಾಟೇನೂ ಬೇಡ. ತಿಂಗಳಿಗೊಮ್ಮೆ ಇಡೀ ಡ್ರೈವ್ ಇಳಿಸಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ, ಹಳೆಯದರ ಮೇಲೆ ಬರೆಯದೆ ತಿಂಗಳಿಗೊಂದು ಫೋಲ್ಡರ್ ಮಾಡಿ, ಡಿಸ್ಕ್ ಕಿತ್ತಿಡಿ.